ತಲೆಯಾಡಿಸಿದರೆ ಮಾತ್ರ

ಮದುಮಗಳು ಅಪ್ಪನ ತೋಳು ಹಿಡಿದು ಡೊಂಬಿವಲಿಯ ಚರ್ಚಿನೊಳಗೆ ಕಾಲಿಡುತ್ತಲೇ ಜಯಲತಾ ಕೀಬೋರ್ಡ್ ನುಡಿಸತೊಡಗಿದಳು. ಪಕ್ಕದಲ್ಲಿ ಗಂಡ ವಸಂತಕುಮಾರ ಲ್ಯಾಪ್‌ಟಾಪಿನ ಗುಂಡಿಯೊಂದರ ಮೇಲೆ ಬೆರಳಿಟ್ಟು ನಿಂತಿದ್ದ. ದೊಡ್ಡ ಪೈಪ್ ಆರ್ಗನ್ನಿನ ದನಿಗಳೆಲ್ಲ ಅದರೊಳಗಿದ್ದವು. ಗುಂಡಿಯನ್ನು ಒಮ್ಮೆ ಒತ್ತಿದರೆ ಕೊಳಲು ಹೋಗಿ ಕಹಳೆ, ಇನ್ನೊಮ್ಮೆ ಒತ್ತಿದರೆ ಎಲ್ಲ ದನಿಗಳೂ ಸೇರಿ ಗುಡುಗು. ಜಯಲತಾ ವಾರವಿಡೀ ಕೂತು ಜೋಡಿಸಿದ್ದ ಕ್ರಮ ಅದು. ಇವತ್ತು ಚೆನ್ನಾಗಿ ನಡೆದರೆ ಕ್ರಿಸ್‌ಮಸ್ಸಿಗೂ ನೀವೇ ನುಡಿಸಿ ಎಂದು ಪಾದ್ರಿಗಳು ಹೇಳಿದ್ದರು. "ನಾನು ತಲೆಯಾಡಿಸಿದ್ರೆ ಮಾತ್ರ ಒತ್ತಿ. ನೀವು ತಲೆ ಓಡಿಸ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ," ಎಂದು ಅವಳು ಗಂಡನನ್ನು ಎಚ್ಚರಿಸಿದ್ದಳು.

ಕೊಳಲಿನ ದನಿ ಮೆಲ್ಲಗೆ ಹರಿಯಿತು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಮದುಮಗನ ತಾಯಿ ಜಯಲತಾಳನ್ನು ನೋಡಿ ನಕ್ಕರು. ಅವಳು ಸೌಜನ್ಯಕ್ಕೆ ತಲೆಯಾಡಿಸಿದಳು. ವಸಂತಕುಮಾರ ಒತ್ತಿದ. ಕಹಳೆಗಳು ಮೊಳಗಿದವು. ಬೆಚ್ಚಿಬಿದ್ದ ಜಯಲತಾ ಬೇಡ ಬೇಡವೆಂದು ಅವನತ್ತ ಜೋರಾಗಿ ತಲೆಯಾಡಿಸಿದಳು. ಇಷ್ಟು ಜೋರಾಗಿ ಆಡಿಸುತ್ತಾಳೆಂದರೆ ತಾನು ತಡಮಾಡಿರಬೇಕು ಎಂದುಕೊಂಡು ಅವನು ಮತ್ತೊಮ್ಮೆ ಒತ್ತಿದ.

ಕಿಟಕಿಯ ಗಾಜುಗಳು ಅದುರಿದವು. ಅಲ್ಲಿಯವರೆಗೆ ಕಣ್ಣೊರೆಸಿಕೊಳ್ಳುತ್ತ ಬರುತ್ತಿದ್ದ ಮದುಮಗಳು ಗಕ್ಕನೆ ನಿಂತಳು. "ಅರೇ ಬಾಪ್‌ರೆ!" ಎಂದ ಅವಳಪ್ಪ. ಮರುಕ್ಷಣ ಅಪ್ಪ, ಮಗಳು ಮುಖ ಮುಖ ನೋಡಿಕೊಂಡು ಬಿದ್ದು ಬಿದ್ದು ನಕ್ಕರು.

"ಹಿಂದಿನದಕ್ಕೆ ಹಾಕ್ಲಾ?" ವಸಂತಕುಮಾರ ಕೇಳಿದ.

ನಗುತ್ತ ಬರುತ್ತಿದ್ದ ಆ ಇಬ್ಬರನ್ನೂ ಜಯಲತಾ ನೋಡಿದಳು. "ಬೇಡ, ಇರ್ಲಿ ಬಿಡಿ," ಎಂದು ಲಯವನ್ನು ಚುರುಕಾಗಿಸಿ, ಕೈ ಬಿಚ್ಚಿ ನುಡಿಸತೊಡಗಿದಳು.