ಹಾಲವ್ವನ ಎದೆ ಫೋಟೋ

ದಾವಣಗೆರೆಯ ಮಂಡಕ್ಕಿ ಹುರಿಯುವ ಭಟ್ಟಿಯಲ್ಲಿ ಹಾಲವ್ವ ಮೂವತ್ತು ವರ್ಷ ದುಡಿದಳು... ಹೊಗೆ, ಬಿಸಿ ಮರಳು, ಬೆವರು. ಬೆನ್ನು ಬಾಗಿತು, ಕೆಲಸ ಮಾತ್ರ ಮುಗಿಯಲಿಲ್ಲ.

ಸಂಜೆ ಮನೆಗೆ ಬಂದರೆ ಒಲೆ ಹಚ್ಚುವಷ್ಟೂ ತ್ರಾಣ ಇರುತ್ತಿರಲಿಲ್ಲ. ಒಂದು ಪೊಟ್ಟಣ ಖಾರಮಂಡಕ್ಕಿ, ನಾಲ್ಕು ಮೆಣಸಿನಕಾಯಿ ಬಜ್ಜಿ... ತಿಂದವಳೇ ಅಲ್ಲೇ ಅಡ್ಡಾಗುತ್ತಿದ್ದಳು.

ಮಲಗಿದರೆ ಸಾಕು, ಎದೆಯೆಲ್ಲ ಉರಿ. ಗಂಟಲಿಗೆ ಹುಳಿನೀರು. ಆಮೇಲೆ ನಿಲ್ಲದ ಕೆಮ್ಮು...

ಅವಳ ಗಂಡನೂ ಅದೇ ಭಟ್ಟಿಯವನು. ಕೆಮ್ಮಿ ಕೆಮ್ಮಿ ಟಿಬಿಯಲ್ಲೇ ಹೋದವನು. ತನಗೂ ಅದೇ ಬಂದಿದೆ ಎಂದು ಹಾಲವ್ವ ತಾನೇ ಡಾಕ್ಟರಾಗಿ ತೀರ್ಮಾನಿಸಿಬಿಟ್ಟಳು!

ಭಟ್ಟಿಯಲ್ಲಿ ತನ್ನ ತಟ್ಟೆ, ಲೋಟ ಬೇರೆ ಇಟ್ಟುಕೊಂಡಳು. ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಆಸ್ಪತ್ರೆಗೆ ಹೋದರೆ ಅದೇ ಹೆಸರು ಹೇಳುತ್ತಾರೆಂಬ ಭಯ.

ಅಷ್ಟರಲ್ಲಿ ಪಕ್ಕದ ಓಣಿಯಲ್ಲಿದ್ದ ಮಗಳು ನೇತ್ರಾ ಹೆಣ್ಣು ಹೆತ್ತಳು.

"ಅವ್ವಾ, ಕೂಸನ್ನ ಒಂದೀಟು ಎತ್ಕಾ."

"ಮೈಯೆಲ್ಲ ಬೂದಿ ಆಗೈತಿ ಕಣವ್ವ... ಆಮ್ಯಾಲೆ."

ಆ 'ಆಮ್ಯಾಲೆ'ಗೆ ಎಂಟು ತಿಂಗಳಾಯಿತು. ನೇತ್ರಾ ಕೇಳುವುದನ್ನೇ ಬಿಟ್ಟಳು.

ಒಂದು ದಿನ ಭಟ್ಟಿಯಲ್ಲೇ ಕೆಮ್ಮು ಹತ್ತಿ ಹಾಲವ್ವ ಕುಸಿದು ಕುಳಿತಳು. ಸುದ್ದಿ ಕೇಳಿ ಓಡಿ ಬಂದ ನೇತ್ರಾ ಅವಳನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಕಫದ ಟೆಸ್ಟ್ ಆಯಿತು, ಎದೆಯ ಎಕ್ಸ್-ರೇ ಆಯಿತು.

ಮೂರನೇ ದಿನ ನೇತ್ರಾ ಕೂಸನ್ನೂ ಎತ್ತಿಕೊಂಡು ಅವ್ವನ ಜೊತೆ ಬಂದಳು. ಲೇಡಿ ಡಾಕ್ಟರ್ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದರು. ಹಾಲವ್ವ ಕಣ್ಣು ಮುಚ್ಚಿಕೊಂಡಳು. ಬಚ್ಚಿಟ್ಟು ಬಚ್ಚಿಟ್ಟು ಅವಳಿಗೆ ಸಾಕಾಗಿತ್ತು.

"ನೋಡಿ ಅಮ್ಮ, ಶ್ವಾಸಕೋಶ ಚೆನ್ನಾಗಿದೆ. ಕಫದಲ್ಲೂ ಟಿಬಿ ಇಲ್ಲ. ಹೃದಯದ ಹಿಂದೆ ಈ ಗುಂಡಗಿನ ನೆರಳು ಕಾಣ್ತಿದ್ಯಲ್ಲ... ಹೊಟ್ಟೆಯ ಮೇಲ್ಭಾಗ ಸ್ವಲ್ಪ ಎದೆಯೊಳಕ್ಕೆ ಸರಿದಿರೋ ಹಾಗಿದೆ. ಆ್ಯಸಿಡ್ ಮೇಲೆ ಬರೋದು, ಕೆಮ್ಮು ಬರೋದು ಅದರಿಂದಲೇ ಇರಬೇಕು. ಎಂಡೋಸ್ಕೋಪಿ ಮಾಡಿ ಖಚಿತ ಮಾಡ್ಕೊಳ್ಳೋಣ. ಖಾರ ಕಡಿಮೆ ಮಾಡಿ, ತಿಂದ ತಕ್ಷಣ ಮಲಗಬೇಡಿ."

ಹಾಲವ್ವ ಮಾತ್ರೆಯ ಬಗ್ಗೆ ಕೇಳಲಿಲ್ಲ. ಎಷ್ಟು ದಿನಕ್ಕೆ ವಾಸಿ ಎಂದೂ ಕೇಳಲಿಲ್ಲ...

"ಹಂಗಾರೆ ಮೇಡಮ್ಮೋರೆ... ನಾನು ಮೊಮ್ಮಗಳನ್ನ ಎತ್ಕಾಬೌದಾ?"

ನೇತ್ರಾ ದಂಗಾದಳು.

"ಇದಕ್ಕೇನವ್ವ ನೀನು ಮುಟ್ಟದೇ ಇದ್ದದ್ದು? ಹೆಣ್ಣು ಹುಟ್ತಲ್ಲ ಅಂತ ನಿಂಗೆ ಬ್ಯಾಸರ ಅನ್ಕಂಡಿದ್ದೆ... ದಿನಾ ಬೈಕಂತಿದ್ದೆ ನಿನ್ನ..."

ಅವಳು ಕೂಸನ್ನು ಅವ್ವನ ಮಡಿಲಿಗೆ ಹಾಕಿದಳು.

ಕೂಸಿಗೆ ಅಜ್ಜಿಯ ಗುರುತೇ ಇರಲಿಲ್ಲ. ಚಿಟ್ಟನೆ ಚೀರಿ ತಾಯಿಯ ಕಡೆಗೆ ಕೈ ಚಾಚಿತು.

ನೇತ್ರಾ ಎತ್ತಿಕೊಳ್ಳಲು ಬಾಗಿದಳು. ಹಾಲವ್ವ ಬಿಡಲಿಲ್ಲ.

"ಅಳ್ಲಿ ಬಿಡೇ... ನಾನು ಯಾರು ಅಂತ ಅದುಕ್ಕೆ ಹೇಳಿದ್ದಾದ್ರೂ ಯಾವಾಗ?"

ಅಜ್ಜಿ, ಮೊಮ್ಮಗಳು ಇಬ್ಬರೂ ಅಳುತ್ತಲೇ ಇದ್ದರು...

*ರೋಗಕ್ಕಿಂತ ಮೊದಲು, ಬಚ್ಚಿಟ್ಟ ಭಯವೇ ನಮ್ಮವರನ್ನು ನಮ್ಮಿಂದ ದೂರ ಮಾಡುತ್ತದೆ.*

ಯಾವ ಪರೀಕ್ಷೆಗೆ ಹೆದರಿ, ಯಾರನ್ನು ಎತ್ತಿಕೊಳ್ಳದೆ ಉಳಿದಿದ್ದೀರಿ ನೀವು?