ಹೆಗಲ ಮೇಲಿನ ಗುಳಿ

“ದೇವರು ಕೊಟ್ಟಿದ್ದನ್ನ ದುಡ್ಡು ಕೊಟ್ಟು ಕೊಯ್ಸಿಕೊಂಡು ಬಂದಿದೀಯಲ್ಲ, ಈಗ ಸಮಾಧಾನ ಆಯ್ತಾ?” ಸ್ಟೂಲಿನ ಮೇಲೆ ಕೂತಿದ್ದ ಮಗಳ ಬೆನ್ನನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾ ತಾಯಿ ಕೇಳಿದಳು. ಬಾಯಿ ಬಿರುಸಾಗಿದ್ದರೂ ಕೈ ಮೆತ್ತಗಿತ್ತು.

ಸ್ತನಗಳ ಗಾತ್ರ ಕುಗ್ಗಿಸುವ ಶಸ್ತ್ರಚಿಕಿತ್ಸೆಗೆ ಮಗಳು ಅಚ್ಚುಕಟ್ಟಾಗಿ ತಯಾರಾಗಿದ್ದಳು. ಆಮೇಲೆ ಕೆಲವು ವಾರ ತೋಳೆತ್ತಬಾರದೆಂದು ಗೊತ್ತಿದ್ದರಿಂದ ಲೋಟ, ಬಾಚಣಿಗೆ, ಮಾತ್ರೆಗಳನ್ನೆಲ್ಲ ಮೊದಲೇ ಸೊಂಟದೆತ್ತರಕ್ಕೆ ಇಳಿಸಿಟ್ಟಿದ್ದಳು. ಬೆನ್ನು ಒರೆಸಿಕೊಳ್ಳುವ ವಿಷಯ ಮಾತ್ರ ಮರೆತಿದ್ದಳು. ಹಾಗಾಗಿ, ಇದೆಲ್ಲ ಬೇಡವೆಂದು ಜಗಳವಾಡಿ ಮಾತು ಬಿಟ್ಟಿದ್ದ ತಾಯಿಯನ್ನೇ ಕರೆಯಬೇಕಾಯಿತು.

“ನೋವಿಗೆ ಮಾಡಿಸ್ಕೊಂಡೆ ಅಮ್ಮಾ. ಅಂದಕ್ಕೂ ಅಂತ್ಲೇ ಇಟ್ಕೋ, ತಪ್ಪೇನು?”

“ನೋವಂತೆ ನೋವು! ನಿನ್ನ ಹೆತ್ತವಳು ನಾನು. ನಂಗಿಲ್ಲದ ನೋವು ನಿಂಗೆಲ್ಲಿಂದ ಬಂತು?”

ಹೆಗಲ ಬಳಿ ಬಂದಾಗ ಬಟ್ಟೆ ನಿಂತಿತು. ವರ್ಷಗಟ್ಟಲೆ ಬ್ರಾ ಪಟ್ಟಿ ಎಳೆದೆಳೆದು ಅಲ್ಲೊಂದು ಗುಳಿ ಬಿದ್ದಿತ್ತು. ಅದರೊಳಗಿನ ಚರ್ಮ ಕಪ್ಪಾಗಿ ಗಡುಸಾಗಿತ್ತು. ತಾಯಿ ಬೆರಳಿಟ್ಟು ನೋಡಿದಳು. ಬೆರಳು ಅದರಲ್ಲಿ ಸರಿಯಾಗಿ ಕೂತಿತು.

“ಇಲ್ಲೂ ನೋಯ್ತಿತ್ತಾ?”

“ಅಲ್ಲಿಂದ್ಲೇ ಶುರು. ಲ್ಯಾಬಲ್ಲಿ ಮೈಕ್ರೋಸ್ಕೋಪ್ ಮುಂದೆ ಬಗ್ಗಿ ಕೂತ್ರೆ ಬೆರಳ ತುದಿವರೆಗೂ ಜೋಮು ಹಿಡಿಯೋದು.”

ತಾಯಿ ಬಟ್ಟೆಯನ್ನು ಬೋಗುಣಿಯಲ್ಲಿ ಬಿಟ್ಟಳು. ತನ್ನ ರವಿಕೆಯ ಕೊರಳನ್ನು ಪಕ್ಕಕ್ಕೆ ಸರಿಸಿ ಹೆಗಲನ್ನು ತಡವಿಕೊಂಡಳು. ಅಲ್ಲಿದ್ದ ಗುಳಿ ಮಗಳದಕ್ಕಿಂತ ಆಳವಾಗಿತ್ತು.

“ಹೆಣ್ಣಾಗಿ ಹುಟ್ಟಿದ ಮೇಲೆ ಇದು ಎಲ್ರಿಗೂ ಇರತ್ತೆ ಅಂದ್ಕೊಂಡಿದ್ದೆ ಕಣೇ,” ಎಂದಳು.