ಬದುಕಿದ್ದವರ ಕಲ್ಲಿನ ಮೇಲೆ ಮರಣದ ತಾರೀಕು

ಇದನ್ನು ಕೇಳಿದಾಗಿನಿಂದ ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಉಬ್ಬಿ ಹೋಗುತ್ತದೆ ಅನ್ನಿಸುತ್ತಿತ್ತು... ಅದಕ್ಕೇ ಕಳಿಸುತ್ತಿದ್ದೇನೆ. ಮೂರು ನಿಮಿಷ ಕೊಡಿ!

ಗದಗದ ಕಡೆ ಒಬ್ಬ ವ್ಯಾಪಾರಿ. ಗ್ರಾನೈಟ್ ಕಲ್ಲಿನ ಮೇಲೆ ಹೆಸರು ಕೊರೆದು ಕೊಡುವ ಅಂಗಡಿ. ಕ್ರೈಸ್ತರ ಸಮಾಧಿಗೆ ಹಾಕುವ ಕಲ್ಲುಗಳೇ ಹೆಚ್ಚು.

ತಾನೂ ಕ್ರೈಸ್ತನೇ. ಆದರೆ ಚರ್ಚಿನಲ್ಲಿ ಕಡೆಯ ಬೆಂಚು... ಉಪದೇಶ ಮುಗಿಯುವ ಮೊದಲೇ ಬೈಕ್ ಸ್ಟಾರ್ಟ್!

ಹತ್ತೊಂಬತ್ತು ವರ್ಷ ಸತ್ತವರ ಹೆಸರು ಕೊರೆದ ಈ ಪುಣ್ಯಾತ್ಮನಿಗೆ ಸಾವೆಂದರೆ ಜೀವ ಬಾಯಿಗೆ ಬರುತ್ತಿತ್ತು. ಕಲ್ಲು ನಿಲ್ಲಿಸಲು ಆಳುಗಳನ್ನು ಕಳಿಸುತ್ತಿದ್ದನೇ ಹೊರತು ತಾನು ಸ್ಮಶಾನದ ಗೇಟು ದಾಟುತ್ತಿರಲಿಲ್ಲ.

ಈಗ ಅವನದೇ ಹೃದಯದಲ್ಲಿ ಮೂರು ಬ್ಲಾಕ್! ಬೈಪಾಸ್ ಆಗಲೇಬೇಕು, ತಡಮಾಡಿದರೆ ಜೀವಕ್ಕೇ ಅಪಾಯ ಎಂದು ಡಾಕ್ಟರ್ ಹೇಳಿದ್ದರು. ಎರಡು ಸಲ ತಾರೀಕು ಕೊಟ್ಟರು... ಎರಡು ಸಲವೂ ಅವನು ಹೋಗಲಿಲ್ಲ.

ಹೆಂಡತಿಗೆ ಗ್ಯಾಸ್ ಟ್ರಬಲ್ ಎಂದು ಹೇಳಿ ರಿಪೋರ್ಟನ್ನು ಬಚ್ಚಿಟ್ಟಿದ್ದ.

ಅಂಥದ್ದರಲ್ಲಿ ವಾಟ್ಸಾಪ್‌ನಲ್ಲಿ ಒಂದು ಆರ್ಡರ್ ಬಂತು. "ಪ್ರೇಮಲತಾ ಹಂಚಿನಾಳ. 9-8-1948. 14-4-1974. ಶನಿವಾರ ಬೇಕು."

ಅಯ್ಯೋ, ಇಪ್ಪತ್ತೈದಕ್ಕೇ ಹೋಗಿಬಿಟ್ಟಳಲ್ಲ ಎಂದು ಮರುಗಿದ. ಹಳೆಯ ಸಮಾಧಿಗೆ ಮನೆಯವರು ಈಗ ಹೊಸ ಕಲ್ಲು ಹಾಕಿಸುತ್ತಿರಬೇಕು ಅಂದುಕೊಂಡ.

ಕೈಗೆ ರೂಢಿಯಾದ ಕೆಲಸ... ಮೊದಲ ತಾರೀಕಿಗೆ 'ಜನನ', ಎರಡನೆಯದಕ್ಕೆ 'ಮರಣ'. ಕೊರೆದ, ಪಾಲಿಶ್ ಹೊಡೆದ, ಗೋಡೆಗೆ ಒರಗಿಸಿಟ್ಟ.

ಶನಿವಾರ ಬೆಳಿಗ್ಗೆ ಆಟೋದಿಂದ ಒಬ್ಬ ಅಜ್ಜಿ ಇಳಿದರು. ಬಿಳಿ ಸೀರೆ, ಕೈಯಲ್ಲಿ ಕೊಡೆ...

"ಏನಪಾ ತಮ್ಮಾ, ನನ್ನ ಕಲ್ಲು ತಯಾರಾತೇನು?"

"ಯಾರ ಹೆಸರಿಂದರೀ ಅಮ್ಮಾರ?"

"ನಂದಪಾ! ಪ್ರೇಮಲತಾ ಹಂಚಿನಾಳ. ಮಕ್ಕಳಿಲ್ಲ ಮರಿ ಇಲ್ಲ, ಯಾರಿಗೆ ತ್ರಾಸ ಕೊಡೂದು ಅಂತ ನಾನಾ ಮಾಡಿಸಿ ಇಟಗೊಳ್ಳಾಕತ್ತೀನಿ."

ಅವನು ಗೋಡೆಯ ಕಡೆ ತಿರುಗಿದ! ಜೀವಂತ ನಿಂತವರ ಕಲ್ಲಿಗೆ ಮರಣದ ತಾರೀಕು! ಗೋಣಿಚೀಲ ತಂದು ಮುಚ್ಚಲು ಓಡಿದ... ಅಷ್ಟರಲ್ಲಿ ಅಜ್ಜಿ ಕನ್ನಡಕ ಏರಿಸಿ ಓದಿಯೇಬಿಟ್ಟಿದ್ದರು.

"ತಪ್ಪಾತ್ರೀ ಅಮ್ಮಾರ... ನಿಮ್ಮ ಕಾಲಿಗೆ ಬೀಳ್ತೀನ್ರಿ... ಇದನ್ನ ಈಗಾ ಒಡದ ಹಾಕ್ತೀನಿ, ಹೊಸಾದು ಕೊರದ ಕೊಡ್ತೀನಿ!"

ಅಜ್ಜಿ ಬೈಯಲಿಲ್ಲ... ನಕ್ಕರು! ಕೊಡೆ ಕೈಜಾರಿ ಬೀಳುವಷ್ಟು ನಕ್ಕರು!

"ಒಡೀಬ್ಯಾಡೋ! ಸುಳ್ಳು ಸಾವಿನ ಸುದ್ದಿ ಹಬ್ಬಿದ್ರ ಆಯುಷ್ಯ ಗಟ್ಟಿ ಅಂತಾರ. ಅದು ನನ್ನ ದೀಕ್ಷಾಸ್ನಾನದ ತಾರೀಕು, ಯಾವುದರದು ಅಂತ ಬರೀಲಿಕ್ಕೆ ನಾನಾ ಮರತೆ. ಖರೇ ಹೇಳಬೇಕಂದ್ರ ನೀ ಕೊರದದ್ದಾ ಬರೋಬ್ಬರಿ ಐತಿ."

ಅವನಿಗೆ ಏನೂ ತಿಳಿಯಲಿಲ್ಲ. ಅಜ್ಜಿ ಸ್ಟೂಲ್ ಎಳೆದುಕೊಂಡು ಕೂತರು.

"ನಾ ನರ್ಸ್ ಇದ್ದೆ. ವಾರ್ಡಿನ್ಯಾಗ ಮೊದಲನೇ ಹೆಣ ನೋಡಿದ ಮ್ಯಾಲೆ ಮೂರು ವರ್ಷ ಲೈಟ್ ಆರಿಸಿ ಮಲಗಿರಲಿಲ್ಲ. ನಾಳೆ ಆ ಮಂಚದ ಮ್ಯಾಲೆ ನಾನಾ ಅಂತ ಒಂದಾ ಹೆದರಿಕಿ.

"ಆಮ್ಯಾಲೆ ಯೇಸುಸ್ವಾಮಿ ನನ್ನ ಸಲುವಾಗಿ ಸತ್ತು, ಸಮಾಧಿಯೊಳಗ ಹೋಗಿ, ಜೀವಂತ ಎದ್ದು ಬಂದಾನಂತ ನಂಬಿದೆ. ಆ ವರ್ಷ, ಆತ ಎದ್ದ ಈಸ್ಟರ್ ಹಬ್ಬದ ದಿನಾ, ತುಂಗಭದ್ರಾ ಹೊಳಿಯೊಳಗ ಪಾಸ್ಟರ್ ನನ್ನ ಮುಳುಗಿಸಿ ದೀಕ್ಷಾಸ್ನಾನ ಕೊಟ್ರು. ಅಂಜುಬುರಕಿ ಪ್ರೇಮಲತಾ ಅಲ್ಲೇ ಸತ್ತಳಪಾ! ಎದ್ದು ಬಂದಾಕಿ ಬ್ಯಾರೇನಾ! ಆತನ ಜೋಡಿ ಒಮ್ಮೆ ಸತ್ತಾಕಿಗೆ ಮತ್ತ ಸಾವಿನ ಅಂಜಿಕಿ ಯಾಕ?"

ಕೇಳುತ್ತ ಕೇಳುತ್ತ ಅವನು ಎದೆ ಒತ್ತಿಕೊಂಡ. ನರ್ಸಿನ ಕಣ್ಣಿಗೆ ತಪ್ಪುತ್ತದೆಯೇ! ಅಜ್ಜಿ ಥಟ್ಟನೆ ಅವನ ನಾಡಿ ಹಿಡಿದರು.

"ಎಷ್ಟು ದಿನದಿಂದ ಐತಿ ಈ ನೋವು?"

ಹೆಂಡತಿಗೂ ಹೇಳದ್ದನ್ನು ಅವನು ಆ ಗುರುತಿಲ್ಲದ ಅಜ್ಜಿಯ ಮುಂದೆ ಹೇಳಿಬಿಟ್ಟ. ಹೇಳುತ್ತಲೇ ಅತ್ತ... ಐವತ್ತೆರಡು ವರ್ಷದ ಗಂಡಸು, ಬಿಕ್ಕಿ ಬಿಕ್ಕಿ ಅತ್ತ.

"ಆಪರೇಷನ್ ಟೇಬಲ್ ಮ್ಯಾಲಿಂದ ಏಳಲೇ ಇಲ್ಲಂದ್ರ ಏನ್ ಮಾಡ್ಲಿ ಸಿಸ್ಟರ್?"

"ಏಳತೀ ಅಂತ ನಾ ಗ್ಯಾರಂಟಿ ಕೊಡಾಂಗಿಲ್ಲ. ಮೂವತ್ನಾಕು ವರ್ಷ ಆಪರೇಷನ್ ಥಿಯೇಟರ್ ನೋಡೀನಿ, ಸುಳ್ಳು ಹೇಳಾಂಗಿಲ್ಲ. ಆದ್ರ ನೀ ಯಾವುದಕ್ಕ ಅಂಜತೀಯೋ ಅದರೊಳಗ ಯೇಸು ಮೊದಲಾ ಹೋಗಿ ಗೆದ್ದು ಬಂದಾನ. ನಿನ್ನ ಪಾಪ ಹೊತ್ತಾಂವ ನಿನ್ನ ಹೊರಾಂಗಿಲ್ಲೇನು?"

"ನಾ ಅಷ್ಟ ಒಳ್ಳೆಯಾಂವ ಅಲ್ರೀ..."

"ನೀ ಅಲ್ಲೋ ಹುಚ್ಚಪ್ಪಾ, ಅಂವ ಒಳ್ಳೆಯಾಂವ! ನಂಬು, ಅಷ್ಟಾ."

ಅಂಗಡಿಯ ಕಲ್ಲಿನ ಪುಡಿಯಲ್ಲೇ ಅವನು ಮೊಣಕಾಲೂರಿದ. ಹುಟ್ಟಿದಾಗಿನಿಂದ ಬಾಯಿಪಾಠ ಮಾಡಿದ ಪ್ರಾರ್ಥನೆ ಒಂದೂ ನೆನಪಾಗಲಿಲ್ಲ. "ಸ್ವಾಮೀ, ನನ್ನನ್ನ ಹಿಡಕೋ" ಅಂದ... ಅಷ್ಟೇ ಅಂದ.

ಆ ಮಧ್ಯಾಹ್ನವೇ ಹೆಂಡತಿಗೆ ರಿಪೋರ್ಟ್ ತೋರಿಸಿದ. ಬೈಸಿಕೊಂಡ. ಬುಧವಾರ ಆಪರೇಷನ್ ನಿಗದಿಯಾಯಿತು.

ಬುಧವಾರ ಬೆಳಿಗ್ಗೆ ಹೆಂಡತಿ ಸ್ಟ್ರೆಚರ್ ಹಿಡಿದು ಒಂದೇ ಸಮ ಅಳುತ್ತಿದ್ದಳು. ಎದೆಬಡಿತ ಅವನಿಗೂ ಇತ್ತು. ಆದರೆ ಓಡಿಹೋಗುವ ಆ ಹಳೆಯ ಭಯ... ಅದು ಎಲ್ಲಿ ಹೋಯಿತೋ, ಅವನಿಗೇ ಆಶ್ಚರ್ಯ!

"ಅಳಬ್ಯಾಡ. ಕಣ್ಣು ತೆರದಾಗ ಎದುರಿಗೆ ನೀ ಇದ್ರ ನಿನ್ನ ಜೋಡಿ ಊಟ ಮಾಡ್ತೀನಿ... ಯೇಸು ಇದ್ರ ಆತನ ಜೋಡಿ. ಎರಡರಾಗ ನನಗ ಲುಕ್ಸಾನ ಯಾವುದು, ಹೇಳು?"

ಬಾಗಿಲು ಮುಚ್ಚಿತು.

ಮರುದಿನ ಐಸಿಯುನಲ್ಲಿ ಕಣ್ಣು ತೆರೆದ. ಮಂಜು ಮಂಜಾಗಿ ಒಂದು ಮುಖ... ಬಗ್ಗಿ ನೋಡುತ್ತಿತ್ತು.

ತುಸು ಹೊತ್ತು ದಿಟ್ಟಿಸಿದ. ಆಮೇಲೆ ತುಟಿ ಅಲುಗಿತು...

"ನೀನಾ? ಇರ್ಲಿ ಬಿಡು... ಗಂಜಿ ತಗೊಂಬಾ."

ಹೆಂಡತಿ ನಗುತ್ತಾ ಅತ್ತಳು... ಅಳುತ್ತಾ ನಕ್ಕಳು!



ಯೇಸುವಿನ ಕೈ ಹಿಡಿದವನಿಗೆ ಸಾವು ಸೋಲಲ್ಲ... ಮನೆ ಸೇರುವ ಬಾಗಿಲು.



ಇವತ್ತು ಮುಚ್ಚಿದ ಕಣ್ಣು ಆ ಕಡೆ ತೆರೆದರೆ... ಎದುರಿಗೆ ಯಾರಿರುತ್ತಾರೆ ಎಂದು ನಿಮಗೆ ಗೊತ್ತೇ?